ಹೊಸಬರ ಕಾಲಿಗೆ ತಕ್ಕ ಹಿಮ

ಒಂದು ಮನೆಯಿಂದ ನಾಲ್ಕೈದು ಜನ ಸ್ಕೀಯಿಂಗ್‌ಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಒಬ್ಬಿಬ್ಬರು ಚೆನ್ನಾಗಿ ಪಳಗಿದವರು. ಒಬ್ಬರು ಹಿಂದೆಂದೋ ಒಂದು ಸಲ ಕಲಿತು ಅಲ್ಲಿಗೇ ಬಿಟ್ಟವರು. ಪ್ರವಾಸದ ಲೆಕ್ಕಾಚಾರವೆಲ್ಲ ಯಾರದ್ದು? ಹೆಚ್ಚಿನ ಮನೆಗಳಲ್ಲಿ ಪಳಗಿದವರದ್ದೇ. ಅವರು ಮೆಚ್ಚಿದ ಜಾಗ, ಅವರಿಗೆ ಬೇಕಾದ ಎತ್ತರ, ಅವರಿಗೆ ಸಾಕಾಗುವಷ್ಟು ದಿನ. ಅರ್ಧ ಕಲಿತವರು ಖರ್ಚಿನಲ್ಲಿ ಸಮಪಾಲು ಕೊಟ್ಟು, ಬೆಟ್ಟದ ಬುಡದಲ್ಲಿ ಚಹಾ ಕುಡಿಯುತ್ತ ಕೂತು ಊರಿಗೆ ಮರಳುತ್ತಾರೆ. ಈ ಹೊತ್ತಿನ ನನ್ನ ಮಾತೆಲ್ಲ ಆ ಅರ್ಧ ಕಲಿತವರ ಪರವಾಗಿ.

ನಾನಿರುವುದು ಬೆಂಗಳೂರಿನ ದಕ್ಷಿಣಕ್ಕೆ, ಜೆ.ಪಿ. ನಗರ ಏಳನೇ ಹಂತದ ಪಕ್ಕದ ಪುಟ್ಟೇನಹಳ್ಳಿಯಲ್ಲಿ. ಚಳಿಗಾಲ ಬಂತೆಂದರೆ ನಮ್ಮ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವವರ ತಲೆಗೆ ಮಫ್ಲರ್ ಏರುತ್ತದೆ. ಹದಿನೈದು ಡಿಗ್ರಿಯೇ ನಮಗೆ ಕೊರೆಯುವ ಚಳಿ. ಆದರೂ ಈ ಬಡಾವಣೆಗಳಿಂದ ಹಿಮ ಹುಡುಕಿಕೊಂಡು ಹೋಗುವವರಿದ್ದಾರೆ. ನನ್ನ ತಮ್ಮನ ಸಂಸಾರ ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಅಲ್ಲಿಂದ ಗಾರ್ಮಿಶ್ ಎಂಬ ಸ್ಕೀ ಊರಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಹಾಗಾಗಿ ಅವನ ಮಕ್ಕಳಿಗೆ ಸ್ಕೀ ನಮ್ಮ ಮಕ್ಕಳಿಗೆ ಸೈಕಲ್ ಇದ್ದ ಹಾಗೆ. ಈ ಸಲ ಊರಿಗೆ ಬರುವ ಮೊದಲೇ ಫೋನಿನಲ್ಲಿ ಹೇಳಿದ: "ಅಕ್ಕಾ, ಎಲ್ಲರೂ ಗುಲ್ಮಾರ್ಗ್‌ಗೆ ಹೋಗೋಣ. ಮೂರು ದಿನ ಸಾಕು. ಕೇಬಲ್ ಕಾರಲ್ಲಿ ಮೇಲಕ್ಕೆ ಹೋಗಿಬಿಟ್ಟರೆ ಇಳಿಯೋದು ತಾನಾಗೇ ಬರುತ್ತೆ ಕಣಕ್ಕಾ." ನಾನು ಹಿಂದೊಮ್ಮೆ ಉತ್ತರಾಖಂಡದ ಔಲಿಯಲ್ಲಿ ಕಲಿತವಳು. ತಾನಾಗಿ ಬರುವುದು ಏನೆಂದು ಗೊತ್ತಿತ್ತು. "ಇಲ್ಲ ಕಣೋ, ಈ ಸಲ ಪ್ಲಾನ್ ನಾನು ಹಾಕ್ತೀನಿ" ಅಂದೆ. ಹಾಗೆ ಹಾಕುವಾಗ ವಿಚಾರಿಸಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಗುಲ್ಮಾರ್ಗ್‌ನ ಎತ್ತರದ ಲೆಕ್ಕ ನೋಡೋಣ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಈ ಊರು ಸಮುದ್ರಮಟ್ಟದಿಂದ 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು 900 ಮೀಟರಿನ ಆಸುಪಾಸು. ಅಂದರೆ ಊರೊಳಗೆ ನಿಂತಾಗಲೇ ನಾವು ಮೂರು ಪಟ್ಟು ಎತ್ತರದಲ್ಲಿರುತ್ತೇವೆ. ಅಲ್ಲಿನ ಕೇಬಲ್ ಕಾರಿಗೆ, ಅಂದರೆ ಗೊಂಡೋಲಾಕ್ಕೆ, ಎರಡು ಹಂತ. 1998ರಲ್ಲಿ ಶುರುವಾದ ಮೊದಲನೆಯದು ಕೊಂಗ್ಡೂರಿಯವರೆಗೆ, ಸುಮಾರು 3,080 ಮೀಟರ್‌ಗೆ ಒಯ್ಯುತ್ತದೆ. 2005ರಲ್ಲಿ ಬಂದ ಎರಡನೆಯದು ಅಫರ್ವಟ್ ಬೆಟ್ಟದ ಹೆಗಲಿನವರೆಗೆ, ಸುಮಾರು 3,950 ಮೀಟರ್‌ಗೆ. ಪಳಗಿದವರ ಬಾಯಲ್ಲಿ ಸದಾ ಕೇಳಿಬರುವ 'ಫೇಸ್ ಟೂ' ಇದೇ. ಅಲ್ಲಿಂದ ಕೆಳಗಿನ ಇಳಿಜಾರು ಬಹುಪಾಲು ಯಂತ್ರದಿಂದ ಹದ ಮಾಡಿದ್ದಲ್ಲ. ಬಿದ್ದ ಹಿಮ ಬಿದ್ದ ಹಾಗೇ ಇರುತ್ತದೆ. ಜಗತ್ತಿನ ನುರಿತ ಸ್ಕೀಯರುಗಳು ಗುಲ್ಮಾರ್ಗ್ ಹುಡುಕಿಕೊಂಡು ಬರುವುದು ಆ ಹಿಮಕ್ಕಾಗಿ. ನನ್ನಂಥವರಿಗೆ ಅದು ತಕ್ಕ ಜಾಗವಲ್ಲ. 2024ರ ಫೆಬ್ರವರಿಯಲ್ಲಿ, ಅದೇ ಊರಿನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಮೇಲಿನ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಪಳಗಿದವರಿಗೂ ಹೀಗಾಗುತ್ತದೆ ಎಂದ ಮೇಲೆ ಹೊಸಬರು ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಮಾಡುವುದಾದರೂ ಏನು? ನೋಟ ನೋಡಿ, ಅದೇ ಗೊಂಡೋಲಾದಲ್ಲಿ ಕೆಳಗಿಳಿಯಬಹುದು. ನೋಟಕ್ಕಾಗಿ ಒಂದು ಸಲ ಹೋಗಿಬನ್ನಿ, ಬೇಡ ಎನ್ನುವುದಿಲ್ಲ. ಸ್ಕೀ ಕಲಿಯಲು ಬೇಕಾದದ್ದು ಊರಿನ ಬುಡದಲ್ಲೇ ಇದೆ: ಅಗಲವಾದ, ಮಂದವಾದ ಇಳುಕಲುಗಳು, ಅವುಗಳ ಪಕ್ಕದಲ್ಲಿ ನಮ್ಮನ್ನು ಮೇಲಕ್ಕೆ ಎಳೆದೊಯ್ಯುವ ಸಣ್ಣ ಲಿಫ್ಟುಗಳು.

ಕಡಿಮೆ ಖರ್ಚಿನ ಗುಟ್ಟು ಇಲ್ಲೇ ಇದೆ ಎಂದು ನನ್ನ ನಂಬಿಕೆ. ಎತ್ತರಕ್ಕೆ ಕೊಡುವ ದುಡ್ಡನ್ನು ದಿನಗಳಿಗೆ ಕೊಡಿ. ಹೋಟೆಲಿನ ಕಿಟಕಿಗೆ ಕೊಡುವ ದುಡ್ಡನ್ನು ಕಲಿಸುವವರಿಗೆ ಕೊಡಿ. ಖರ್ಚು ಉಳಿಸಬೇಕೆಂದಾಗ ನಾವು ಮೊದಲು ಕತ್ತರಿಸುವುದು ದಿನಗಳನ್ನು, ಆಮೇಲೆ ಶಿಕ್ಷಕರನ್ನು. ಹೊಸಬರಿಗೆ ಇದಕ್ಕಿಂತ ದುಬಾರಿಯಾದ ಉಳಿತಾಯ ಬೇರೆ ಇಲ್ಲ. ಮೊದಲ ದಿನ ಬೂಟು ಹಾಕಿಕೊಂಡು ನಿಲ್ಲುವುದು, ಬೀಳುವುದು, ಏಳುವುದು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆಯಿಟ್ಟು ಮೇಲಕ್ಕೆ ಹತ್ತುವುದು, ಇಷ್ಟರಲ್ಲೇ ಮುಗಿಯುತ್ತದೆ. ಎರಡನೆಯ ದಿನ ಸ್ಕೀಗಳ ಮುಂತುದಿ ಕೂಡಿಸಿ ಹಿಂತುದಿ ಅಗಲಿಸಿ, ಒಳ ಅಂಚಿನ ಮೇಲೆ ಭಾರ ಹಾಕಿ ನಿಲ್ಲುವ 'ಸ್ನೋಪ್ಲೌ' ಕೈಗೂಡುತ್ತದೆ. ಎಡಕ್ಕೊಂದು ಬಲಕ್ಕೊಂದು ತಿರುವು ಜೋಡಿಸಿಕೊಂಡು ಹೆದರಿಕೆಯಿಲ್ಲದೆ ಕೆಳಗೆ ಬರುವುದು ಮೂರನೆಯ, ನಾಲ್ಕನೆಯ ದಿನದ ಮಾತು. ಮೂರೇ ದಿನಕ್ಕೆ ಹೋದವರು ಖುಷಿ ಶುರುವಾಗುವ ಬೆಳಿಗ್ಗೆ ವಿಮಾನ ಹತ್ತಿರುತ್ತಾರೆ. ಹಿಂದೆ ಕಲಿತು ಬಿಟ್ಟವರಿಗೂ ಮೊದಲ ದಿನ ಹಳೆಯದನ್ನು ಕಾಲಿಗೆ ನೆನಪಿಸುವುದರಲ್ಲೇ ಹೋಗುತ್ತದೆ. ಆರು ದಿನ ಒಂದೇ ಊರಿನಲ್ಲಿ ನಿಲ್ಲಿ. ಶ್ರೀನಗರ, ಪಹಲ್ಗಾಮ್, ಸೋನಮಾರ್ಗ್ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಪ್ಯಾಕೇಜಿನಲ್ಲಿ ಸ್ಕೀಯಿಂಗ್ ಎಂಬುದು ಫೋಟೋ ತೆಗೆಯುವ ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯ ಸಾಮಾನಿನ ಬಾಡಿಗೆಯೂ ದಿನದ ಬಾಡಿಗೆಗೆ ಹೋಲಿಸಿದರೆ ಬಲು ದುಬಾರಿ.

ಒಬ್ಬರೇ ಹೋಗುವುದಿದ್ದರೆ, ಅಥವಾ ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ, ಸರ್ಕಾರಿ ಸಂಸ್ಥೆಗಳ ಕೋರ್ಸೇ ಎಲ್ಲಕ್ಕಿಂತ ಮೇಲು. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಮನಾಲಿಯಲ್ಲಿ ಹಿಮಾಚಲ ಸರ್ಕಾರದ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಿದೆ. ಅದರ ಸ್ಕೀ ತರಗತಿ ಸೋಲಂಗ್ ಕಣಿವೆಯಲ್ಲಿ ನಡೆಯುತ್ತದೆ. ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ಒಂದು ವಾರದ ಮತ್ತು ಎರಡು ವಾರದ ತರಬೇತಿ ನಡೆಸುತ್ತ ಬಂದಿದೆ. ಇಂಥ ಕೋರ್ಸುಗಳ ಶುಲ್ಕದಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸಾಮಾನು, ಶಿಕ್ಷಕರು ಎಲ್ಲವೂ ಸೇರಿರುತ್ತವೆ. ಖಾಸಗಿಯಾಗಿ ಹೋಟೆಲು, ಬಾಡಿಗೆ, ಇನ್‌ಸ್ಟ್ರಕ್ಟರ್ ಎಂದು ಬೇರೆಬೇರೆ ಕೂಡಿಸಿ ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಡಾರ್ಮಿಟರಿಯ ಮಂಚ, ಬೆಳಗಿನ ಶಿಸ್ತು, ಬಿಸಿನೀರಿಗೆ ಸರದಿ, ಇವಿಷ್ಟಕ್ಕೆ ಒಪ್ಪಬೇಕು. ವಯಸ್ಸಿನ ಮಿತಿ, ವೈದ್ಯರ ಪ್ರಮಾಣಪತ್ರ ಇವೆಲ್ಲ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಹಿಮದ ಆಟ ನಮ್ಮವರಿಗೆಲ್ಲಿ ಬರುತ್ತದೆ ಎನ್ನುವವರಿಗೆ ಒಂದು ಮಾತು ಹೇಳಲೇಬೇಕು. 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಪದಕಪಟ್ಟಿಯ ಮೊದಲ ಸ್ಥಾನ ಭಾರತೀಯ ಸೇನೆಗೆ, 10 ಚಿನ್ನ. ಎರಡನೆಯ ಸ್ಥಾನ ಕರ್ನಾಟಕಕ್ಕೆ, 9 ಚಿನ್ನ. ಹಿಮವೇ ಬೀಳದ ರಾಜ್ಯ! ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಗೆದ್ದ ಚಿನ್ನವೂ ಆ ಲೆಕ್ಕದಲ್ಲಿದೆ. ಅದು ಇಳಿಜಾರಿನಲ್ಲಿ ಜಾರುವ ಸ್ಕೀಯಲ್ಲ. ಸಮನೆಲ, ಏರು, ಇಳುಕಲು ಎಲ್ಲವನ್ನೂ ಸ್ವಂತ ಉಸಿರಿನ ಬಲದಿಂದ ದಾಟುವ ಸ್ಕೀ. ನಮ್ಮ ಓಟಗಾರರಿಗೆ ಅದು ಬೇಗ ಒಗ್ಗಬಹುದೆಂದು ನನಗನ್ನಿಸುತ್ತದೆ. ಸಾಹಸ ಕ್ರೀಡೆಯಲ್ಲಿ ಆಸಕ್ತಿಯಿರುವ ಯುವಕ ಯುವತಿಯರು ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಲ್ಲೂ ಒಮ್ಮೆ ವಿಚಾರಿಸಲಿ.

ಯಾವಾಗ ಹೋಗಬೇಕು? ಕಾಶ್ಮೀರದವರು ಚಳಿಗಾಲವನ್ನು ಮೂರು ಪಾಲು ಮಾಡಿದ್ದಾರೆ. ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್', ಆಮೇಲೆ ಇಪ್ಪತ್ತು ದಿನ 'ಚಿಲ್ಲೈ ಖುರ್ದ್', ಕೊನೆಗೆ ಹತ್ತು ದಿನ 'ಚಿಲ್ಲೈ ಬಚ್ಚಾ'. ಕಟುವಾದ ಚಳಿ ಮೊದಲನೆಯದರಲ್ಲಿ. ಕ್ರಿಸ್‌ಮಸ್ ಮತ್ತು ಹೊಸವರ್ಷದ ರಜೆಯೂ ಆಗಲೇ ಬರುವುದರಿಂದ ರೂಮಿನ ಬಾಡಿಗೆ, ವಿಮಾನದ ದರ ಎರಡೂ ತುದಿಗೇರಿರುತ್ತವೆ. ಹಿಮ ಮಾತ್ರ ಕ್ಯಾಲೆಂಡರ್ ನೋಡಿ ಬೀಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲುಗಳು ಬರಿ ಹುಲ್ಲಾಗಿ ಕಂದಿದ್ದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. 2025ರಲ್ಲಿ ಫೆಬ್ರವರಿಯ ಕೊನೆಗೆ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮ ಸಾಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಹಾಗಾಗಿ ನನ್ನ ಆಯ್ಕೆ ಫೆಬ್ರವರಿಯ ಎರಡನೆಯ ವಾರದಿಂದ ಆಚೆಗೆ. ರಜೆಯ ನೂಕುನುಗ್ಗಲು ಇಳಿದಿರುತ್ತದೆ, ಹಗಲು ಉದ್ದವಾಗಿರುತ್ತದೆ, ಬಿಸಿಲಿಗೆ ಮೈ ಬಿಡುವ ಮೆತ್ತನೆಯ ಹಿಮದ ಮೇಲೆ ಬಿದ್ದರೂ ಪೆಟ್ಟು ಕಡಿಮೆ. ಬೆಳಿಗ್ಗೆ ಮಾತ್ರ ರಾತ್ರಿಯ ಚಳಿಗೆ ಗಟ್ಟಿಕಟ್ಟಿದ ಹಿಮ ಗಾಜಿನಂತಿರುತ್ತದೆ, ಬಿಸಿಲೇರುವವರೆಗೆ ಕಾಯಿರಿ. ರದ್ದು ಮಾಡಿದರೆ ಹಣ ಮರಳಿ ಬರುವ ಕೋಣೆಯನ್ನೇ ಗೊತ್ತುಮಾಡಿ, ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಕಾಶ್ಮೀರ ಎಂದಾಗ ಮನೆಯ ಹಿರಿಯರು ಹಿಂಜರಿಯುವುದನ್ನು ನಾನು ಹಗುರವಾಗಿ ಕಾಣಲಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರ ದಾಳಿಗೆ 26 ಜನರ ಜೀವ ಹೋಯಿತು. ಅವರಲ್ಲಿ ನಮ್ಮ ಶಿವಮೊಗ್ಗದವರು, ನಮ್ಮ ಬೆಂಗಳೂರಿನವರು ಇದ್ದರು. ಅಮ್ಮ ಬೇಡವೆಂದರೆ ವಾದ ಬೇಡ, ಸೋಲಂಗ್‌ಗೆ ಹೋಗಿ. ಮನಾಲಿಯಿಂದ ಸುಮಾರು 13 ಕಿಲೋಮೀಟರ್, ಹೊಸಬರಿಗೆ ಹೇಳಿ ಮಾಡಿಸಿದಂಥ ಇಳುಕಲು. 2018ರಲ್ಲಿ ಟರ್ಕಿಯ ಸ್ಪರ್ಧೆಯಲ್ಲಿ ಕಂಚು ಗೆದ್ದು, ಅಂತಾರಾಷ್ಟ್ರೀಯ ಸ್ಕೀ ಪದಕ ತಂದ ಮೊದಲ ಭಾರತೀಯರಾದ ಆಂಚಲ್ ಠಾಕೂರ್ ಆ ಕಣಿವೆಯ ಹತ್ತಿರದ ಬುರುವಾ ಹಳ್ಳಿಯವರು. ಅಲ್ಲಿನ ತೊಡಕೆಂದರೆ ಜನಜಂಗುಳಿ. ವಾರಾಂತ್ಯ ಬಿಟ್ಟು ಹೋಗುವುದು ಒಳ್ಳೆಯದು. ಔಲಿಯ ನೋಟಕ್ಕೆ ಸಾಟಿಯಿಲ್ಲ, ಎದುರಿಗೇ ನಂದಾದೇವಿ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ರಸ್ತೆಯಲ್ಲೇ ಏರುವ ಲೆಕ್ಕ ಇಟ್ಟುಕೊಳ್ಳಬೇಕು. ಋಷಿಕೇಶದಿಂದ ಜೋಶಿಮಠಕ್ಕೇ ಸುಮಾರು 250 ಕಿಲೋಮೀಟರ್ ಬೆಟ್ಟದ ದಾರಿ, ಒಂದು ಇಡೀ ದಿನ ಅದಕ್ಕೇ ಬೇಕು.

ಹೋಗುವ ದಾರಿಗೆ ಬರೋಣ. ದುಡ್ಡು ಉಳಿಯಬೇಕು, ಸಮಯ ಇದೆ ಎನ್ನುವವರಿಗೆ ಈಗ ಶ್ರೀನಗರದವರೆಗೂ ರೈಲಿದೆ. 2025ರ ಜೂನ್ 6ರಂದು ಕಟ್ರಾ–ಶ್ರೀನಗರ ವಂದೇ ಭಾರತ್ ಉದ್ಘಾಟನೆಯಾಯಿತು. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲೆ ಹಾದುಹೋಗುವ ದಾರಿ ಅದು. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಕಟ್ರಾ, ಅಲ್ಲಿ ಗಾಡಿ ಬದಲಿಸಿ ಶ್ರೀನಗರ. ಜನವರಿಯಲ್ಲಿ ಉತ್ತರದ ಬಯಲಿನಲ್ಲಿ ಕವಿಯುವ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುವುದುಂಟು, ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ. ನಾನು ಹಾಕಿದ್ದು ಹೋಗುವಾಗ ವಿಮಾನ, ಬರುವಾಗ ರೈಲು. ಹೋಗುವಾಗ ಮೈ ದಣಿಯಬಾರದು, ಬರುವಾಗ ದಣಿದರೂ ಮಲಗಿಕೊಂಡು ಬರಬಹುದು. ಶ್ರೀನಗರದಿಂದ ಗುಲ್ಮಾರ್ಗ್‌ಗೆ ಹೋಗುವ ದಾರಿಯಲ್ಲಿ ತಂಗ್‌ಮಾರ್ಗ್ ಸಿಗುತ್ತದೆ. ಹಿಮ ಬಿದ್ದ ದಿನ ಅಲ್ಲಿಂದ ಮೇಲಿನ 13 ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರ ಎಳೆಯುವ ಗಾಡಿಗಳನ್ನಷ್ಟೇ ಬಿಡುತ್ತಾರೆ. ಬೇರೆ ಗಾಡಿ ಹಿಡಿಯಬೇಕು. ಆ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ತಂಗ್‌ಮಾರ್ಗ್‌ನಲ್ಲಿ ಕೋಣೆಗಳು ಅಗ್ಗ ಎಂದು ಅಲ್ಲಿ ಉಳಿಯುವವರಿದ್ದಾರೆ. ದಿನಾ ಹೋಗಿಬರುವ ಗಾಡಿಯ ಖರ್ಚು, ದಾರಿಯಲ್ಲಿ ಕಳೆಯುವ ಬೆಳಗಿನ ಹೊತ್ತು ಎರಡನ್ನೂ ಕೂಡಿಸಿದರೆ ಉಳಿತಾಯ ನೀರಾಗುತ್ತದೆ. ಗುಲ್ಮಾರ್ಗ್‌ನಲ್ಲೇ, ಇಳಿಜಾರಿಗೆ ನಡೆದು ಹೋಗಬಹುದಾದ ಸಾದಾ ಕೋಣೆ ಹಿಡಿಯಿರಿ. ಬೆಚ್ಚಗಿಡುವ ವ್ಯವಸ್ಥೆ ಏನಿದೆ, ಬೆಳಿಗ್ಗೆ ಬಿಸಿನೀರು ಬರುತ್ತದೆಯೇ, ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಮುಂಗಡ ಕೊಡಿ.

ಸ್ಕೀ, ಬೂಟು, ಕೋಲು ಯಾವುದನ್ನೂ ಇಲ್ಲಿ ಕೊಳ್ಳಬೇಡಿ. ವಿಮಾನದಲ್ಲಿ ಬಿಡುವ 15 ಕಿಲೋ ತೂಕದಲ್ಲಿ ಅವು ಹಿಡಿಯುವುದೂ ಇಲ್ಲ. ಅಲ್ಲಿ ಬಾಡಿಗೆ ಅಂಗಡಿಗಳು ಧಾರಾಳವಾಗಿವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಒಬ್ಬ ಸ್ಪರ್ಧಿ ಆರಿಫ್ ಖಾನ್ ತಂಗ್‌ಮಾರ್ಗ್ ಕಡೆಯವರು, ಅವರ ತಂದೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಾಮಾನಿನ ಅಂಗಡಿ ನಡೆಸಿದವರು. ಅಂಥ ಅಂಗಡಿಯವರಿಗೆ ನಿಮ್ಮ ಅನುಭವ ಎಷ್ಟು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಕಾರಣವಿದೆ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕೆಂಬ ಅಳತೆಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ನೋಡಿ ತಿರುಗಿಸುತ್ತಾರೆ. ಹೊಸಬರಿಗೆ ಅದು ಸಡಿಲವಾಗಿರಬೇಕು, ಬಿದ್ದ ಕೂಡಲೇ ಸ್ಕೀ ಕಳಚಿಕೊಳ್ಳಬೇಕು. ಪಳಗಿದವರೆಂದು ಹೇಳಿಕೊಂಡರೆ ಅಳತೆ ಬಿಗಿಯಾಗುತ್ತದೆ, ಬಿದ್ದಾಗ ಸ್ಕೀ ಬಿಡದೆ ಮೊಣಕಾಲು ತಿರುಚುತ್ತದೆ. ಸ್ಕೀಯ ಉದ್ದ ನಿಂತಾಗ ನಿಮ್ಮ ಗಲ್ಲದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಬಂದರೆ ಸಾಕು, ಗಿಡ್ಡ ಸ್ಕೀ ಬೇಗ ತಿರುಗುತ್ತದೆ. ಬೂಟಿನ ವಿಷಯದಲ್ಲಿ ಸಂಕೋಚ ಬೇಡ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಸೋಕಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉದ್ದನೆಯದು ಒಂದೇ ಸಾಕು. ಸರಿಹೊಂದುವವರೆಗೆ ಮೂರು ನಾಲ್ಕು ಜೊತೆ ಬೂಟು ಹಾಕಿ ನೋಡಿ. ಹೆಲ್ಮೆಟ್ ಬಿಡಬೇಡಿ.

ಬಟ್ಟೆಯಲ್ಲಿ ಕೊಳ್ಳಬೇಕಾದ್ದು ಮೂರೇ: ಮೈಗೆ ಅಂಟುವ ಥರ್ಮಲ್, ನೀರಿಳಿಯದ ಗ್ಲೌಸ್, ಕಣ್ಣಿಗೆ ಗಾಗಲ್ಸ್. ದಪ್ಪ ಜಾಕೆಟ್ಟು, ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಹತ್ತಿಯ ಬನಿಯನ್ ಒಳಗೆ ಬೇಡ, ಬೆವರಿಗೆ ಒದ್ದೆಯಾದರೆ ಆರುವುದೇ ಇಲ್ಲ. ಹಿಮದ ಬಿಸಿಲು ನಮ್ಮ ಬಿಸಿಲಿಗಿಂತ ಉಗ್ರ, ಸನ್‌ಸ್ಕ್ರೀನ್ ಗಂಡಸರಿಗೂ ಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರುವ ಒಂದು ಫೋನಾದರೂ ಜೊತೆಗಿರಲಿ. ವಿಮೆ ಮಾಡಿಸುವಾಗ ಸ್ಕೀಯಿಂಗ್‌ನಲ್ಲಿ ಆದ ಪೆಟ್ಟಿಗೆ ಹಣ ಕೊಡುತ್ತಾರೆಯೇ ಎಂದು ಓದಿ ನೋಡಿ. ಸಾಹಸ ಕ್ರೀಡೆಯನ್ನು ಹೊರಗಿಡುವ ಪಾಲಿಸಿಗಳು ಬಹಳ.

ಕಾಸಿಲ್ಲದೆ ಆಗುವ ತಯಾರಿಯೊಂದಿದೆ. ಅದಕ್ಕೆ ಪುಟ್ಟೇನಹಳ್ಳಿಯೇ ಸಾಕು. ಸ್ಕೀಯಿಂಗ್‌ನಲ್ಲಿ ನೋಯುವುದು ತೊಡೆಯ ಮುಂಭಾಗ, ದೇಹದ ಭಾರವನ್ನು ತಡೆದು ತಡೆದು ಇಳಿಸುವ ಸ್ನಾಯು. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಿ ಮೇಲಕ್ಕೆ ಹೋಗಿ, ಮೆಟ್ಟಿಲಿಳಿದು ನಿಧಾನವಾಗಿ ಕೆಳಗೆ ಬನ್ನಿ. ಹತ್ತುವುದಕ್ಕಿಂತ ಇಳಿಯುವುದೇ ಇಲ್ಲಿ ಮುಖ್ಯ. ಗೋಡೆಗೆ ಬೆನ್ನೊತ್ತಿ, ಕುರ್ಚಿಯಿಲ್ಲದೆ ಕೂತಂತೆ ಒಂದು ನಿಮಿಷ ನಿಲ್ಲುವುದನ್ನು ರೂಢಿಸಿಕೊಳ್ಳಿ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಿ. ಭಾನುವಾರ ಕೆರೆಯ ಸುತ್ತಿನ ಬದಲು ತುರಹಳ್ಳಿ ಕಾಡಿನ ಕಲ್ಲುದಿಣ್ಣೆ ಹತ್ತಿಳಿಯಿರಿ. ಎರಡು ತಿಂಗಳು ಹೀಗೆ ಮಾಡಿದ ಕಾಲಿಗೆ ಮಧ್ಯಾಹ್ನವೂ ಶಕ್ತಿ ಉಳಿದಿರುತ್ತದೆ. ಬೆಳಿಗ್ಗೆಯೇ ಸೋತ ಕಾಲಿಗೆ ಇಡೀ ದಿನದ ಇನ್‌ಸ್ಟ್ರಕ್ಟರ್ ಫೀ ಕೊಟ್ಟೂ ಫಲವಿಲ್ಲ.

ಆ ಫೀ ವಿಷಯಕ್ಕೂ ಒಂದು ಮಾತು. ಗುಲ್ಮಾರ್ಗ್‌ನಲ್ಲಿ ಗಾಡಿ ಇಳಿದ ಕೂಡಲೇ ಹತ್ತಾರು ಜನ ಸುತ್ತುವರಿದು ಕಲಿಸುತ್ತೇವೆ ಎನ್ನುತ್ತಾರೆ. ಚಳಿಗಾಲದ ಆ ಕೆಲವೇ ವಾರಗಳಲ್ಲಿ ವರ್ಷದ ಅನ್ನ ದುಡಿಯಬೇಕಾದವರು ಅವರು, ಒರಟಾಗಿ ಮಾತಾಡಬೇಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇರುವವರನ್ನು ಆರಿಸಿ, ಅರ್ಧ ದಿನಕ್ಕೆ ಎಷ್ಟು, ಪೂರ್ತಿ ದಿನಕ್ಕೆ ಎಷ್ಟು ಎಂದು ಮೊದಲೇ ಮಾತಾಡಿ. ಮೊದಲ ಎರಡು ದಿನ ಬೆಳಗಿನ ಪಾಠ, ಮಧ್ಯಾಹ್ನ ಒಬ್ಬರೇ ಅಭ್ಯಾಸ. ಮಧ್ಯೆ ಒಂದು ದಿನ ಪಾಠವಿಲ್ಲದೆ ಬರಿ ಅಭ್ಯಾಸ. ಕೊನೆಯ ಎರಡು ದಿನ ಮತ್ತೆ ಪಾಠ, ಆಗ ತಪ್ಪು ತಿದ್ದಿಸಿಕೊಳ್ಳಲು ನಿಮ್ಮಲ್ಲೇ ಪ್ರಶ್ನೆಗಳಿರುತ್ತವೆ. ಗಂಡನೋ ತಮ್ಮನೋ ಪುಕ್ಕಟೆ ಕಲಿಸುತ್ತೇನೆಂದರೆ ಪ್ರೀತಿಯಿಂದ ಬೇಡವೆನ್ನಿ. ಅವರಿಗೆ ಬರುತ್ತದೆ ನಿಜ, ಬರದಿದ್ದ ಕಾಲ ಅವರಿಗೆ ಮರೆತಿರುತ್ತದೆ. ಅಪರಿಚಿತ ಶಿಕ್ಷಕರ ಮುಂದೆ ಹತ್ತು ಸಲ ಬಿದ್ದರೂ ಮನಸ್ಸಿಗೆ ನೋವಿಲ್ಲ. ಬೀಳುವಾಗ ಮಾತ್ರ ಕೈಯಲ್ಲಿನ ಕೋಲು ಬಿಟ್ಟುಬಿಡಿ, ಹಿಡಿದೇ ಬಿದ್ದರೆ ಹೆಬ್ಬೆರಳಿನ ಕೀಲು ಹೋಗುತ್ತದೆ.

ಹೊರದೇಶದ ಹಿಮದ ಆಸೆಯಿದ್ದವರಿಗೆ: ಅಮೆರಿಕದ ಹೆಸರಾಂತ ವೇಲ್‌ನಲ್ಲಿ ಜನ ತುಂಬಿದ ದಿನ ಒಂದು ದಿನದ ಲಿಫ್ಟ್ ಟಿಕೆಟ್ಟೇ 300 ಡಾಲರ್ ದಾಟಿದೆ. ಅದರ ಬದಲು ಕಝಾಕ್‌ಸ್ತಾನದ ಅಲ್ಮಾಟಿ ನೋಡಿ. ಭಾರತೀಯರಿಗೆ ಅಲ್ಲಿ 14 ದಿನದವರೆಗೆ ವೀಸಾ ಬೇಕಿಲ್ಲ, ಶಿಂಬುಲಾಕ್ ಸ್ಕೀ ತಾಣ ಊರಿನಿಂದ 25 ಕಿಲೋಮೀಟರ್ ಅಷ್ಟೇ. ಯೂರೋಪಿನಲ್ಲಿರುವ ಮಕ್ಕಳ ಮನೆಗೆ ಹೋದವರು ದೊಡ್ಡ ಹೆಸರಿನ ಬೆಟ್ಟ ಬಿಟ್ಟು ಹತ್ತಿರದ ಸಣ್ಣ ಗುಡ್ಡದಲ್ಲಿ ಕಲಿಯಿರಿ. ಅಲ್ಲಿ ನೀಲಿ ಗುರುತಿನ ದಾರಿ ಸುಲಭದ್ದು, ಕೆಂಪು ಮಧ್ಯಮ, ಕಪ್ಪು ಕಠಿಣ. ಅಮೆರಿಕದಲ್ಲಾದರೆ ಸುಲಭದ್ದಕ್ಕೆ ಹಸಿರು ಗುರುತು, ನೀಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ನನ್ನ ಪ್ಲಾನ್ ಕೇಳಿ ತಮ್ಮ ಮೊದಲು ಗೊಣಗಿದ. "ಆರು ದಿನ ಒಂದೇ ಕಡೆ ಏನಕ್ಕಾ ಮಾಡೋದು?" ಅಂದ. "ನೀನು ಗೈಡ್ ಜೊತೆ ಮೇಲೆ ಹೋಗು, ನಾನು ಕೆಳಗೆ ಕಲೀತೀನಿ, ಮಧ್ಯಾಹ್ನ ಊಟಕ್ಕೆ ಸೇರೋಣ" ಅಂದೆ. ಒಪ್ಪಿದ. ಗುಂಪಿನಲ್ಲಿ ಇಬ್ಬರು ಒಂದೇ ಇಳಿಜಾರಿನಲ್ಲಿ ಇರಲೇಬೇಕೆಂಬ ನಿಯಮವೇನಿಲ್ಲ. ಗೊಂಡೋಲಾದ ಟಿಕೆಟ್ ಬೇಕಾದವರು ಬೇಕಾದ ದಿನಕ್ಕೆ ಮಾತ್ರ ಕೊಳ್ಳಲಿ, ಅದರ ಖರ್ಚು ಸಾಮೂಹಿಕ ಲೆಕ್ಕಕ್ಕೆ ಬರದಿರಲಿ. ಕೋಣೆ, ಗಾಡಿ, ಊಟ ಸಮಪಾಲು. ಲಿಫ್ಟು, ಪಾಠ, ಸಾಮಾನು ಅವರವರದ್ದು. ಈ ಲೆಕ್ಕವನ್ನು ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ತೋರಿಸಿ. ಸರ್ಕಾರಿ ಕೋರ್ಸಿಗೆ ಸೇರುವವರು ದಸರೆಯ ಹೊತ್ತಿಗೇ ಅರ್ಜಿ, ದಿನಾಂಕ ವಿಚಾರಿಸಿಡಿ, ಸೀಟು ಬೇಗ ತುಂಬುತ್ತವೆ. ನಲವತ್ತು ದಾಟಿದವರು, ರಕ್ತದೊತ್ತಡ, ಉಬ್ಬಸ ಇರುವವರು ಎತ್ತರದ ಊರಿಗೆ ಹೋಗುವ ವಿಷಯ ಹೇಳಿ ನಿಮ್ಮ ಡಾಕ್ಟರನ್ನು ನೋಡಿ ಬನ್ನಿ. ತಲುಪಿದ ಮೊದಲ ದಿನ ಸ್ಕೀ ಮುಟ್ಟದೆ, ನೀರು ಚೆನ್ನಾಗಿ ಕುಡಿದು, ಊರೊಳಗೆ ನಿಧಾನವಾಗಿ ನಡೆದಾಡಿ, ಸಂಜೆಯೇ ಹೋಗಿ ಬೂಟು ಅಳೆಸಿಟ್ಟು ಬನ್ನಿ. ಬೆಳಿಗ್ಗೆ ಅಂಗಡಿಯಲ್ಲಿ ನೂಕುನುಗ್ಗಲಿರುತ್ತದೆ.